ಬಿಸ್ಕತ್ತಿನ ಡಬ್ಬಿಯ ಅಮಾನತ್ತು

ಬಿಸ್ಕತ್ತಿನ ಡಬ್ಬಿಯ ಮುಚ್ಚಳದಂಚಿಗೆ ಅರವಿಂದ ಕಾರಿನ ಕೀ ತೂರಿಸಿ ಮೀಟಿದ. ಮುಚ್ಚಳ ಟಣ್ಣೆಂದು ಹಾರಿ ಡಚ್ ನಾಡಿನ ನ್ಯೂವೆಗೈನ್ ಊರಿನ ಖಬರಸ್ತಾನದ ಪಾರ್ಕಿಂಗಿನಲ್ಲಿ ಉರುಳಿತು. ಒಳಗೆ ಹಳೆಯ ಬನಿಯನ್ನಿನಲ್ಲಿ ಸುತ್ತಿದ, ಅಂಗೈಯಗಲದ ಮಣ್ಣಿನ ಬಿಲ್ಲೆ. ಮೈತುಂಬ ಮೊಳೆಯಿಂದ ಚುಚ್ಚಿದಂಥ ಅಕ್ಷರ.

"ಇದೇನಾ ಭಾಭಿ?"

"ಇದ ಅಣ್ಣಾರ," ಎಂದಳು ಜಕಿಯಾ. ಅವಳ ಗಂಡ ಜಲಾಲ್ ನಿನ್ನೆ ಚಹಾ ಕುಡಿಯುತ್ತ ಕೂತಲ್ಲೇ ಹೋಗಿದ್ದ. "ಹದಿನೆಂಟು ವರ್ಷ ಅಕ್ಕಿ ಡಬ್ಬಿ ಹಿಂದ ಇಟ್ಟಿದ್ರು. ಒಬ್ರ ವಸ್ತು, ಅಮಾನತ್ತು, ಇಟ್ಕೊಂಡು ಮಣ್ಣಿಗೆ ಹೋಗಬಾರದ್ರಿ."

ಮಗ ಉವೈಸ್ ಅತ್ತಿತ್ತ ನೋಡಿದ. "ಅಮ್ಮೀ, ಪ್ಲೀಸ್. ಇದು ಇರಾಕಿಂದ ಕದ್ದ ಮಾಲು. ಅಬ್ಬಾನ ಎಲ್ರೂ ಕಳ್ಳ ಅಂತಾರೆ."

ಅರವಿಂದನ ಬಾಯಿ ಸುಮ್ಮನಿರಲಿಲ್ಲ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಥೇಟ್ ಜಲಾಲನ ದನಿಯಲ್ಲಿ ಎಳೆದ: "ಕೊಡೂಣಂತ ತಗೋಪಾ, ಪರ್ಮಿಟ್ ಒಂದ ಆಗ್ಲಿ. ಪಾಸ್‌ಪೋರ್ಟ್ ಒಂದ ಬರ್ಲಿ. ಉವೈಸಂದು ಕಾಲೇಜ್ ಒಂದ ಮುಗೀಲಿ."

ಜಕಿಯಾ ನಕ್ಕಳು. ನಗು ಅರ್ಧಕ್ಕೇ ಒಡೆಯಿತು. "ಹಂಗ ಅಂತಿದ್ರು ನೋಡ್ರಿ."

"ನಾನೂ ಹೂಂ ಅಂತಿದ್ದೆ ಭಾಭಿ." ಇದು ಅರವಿಂದನದೇ ದನಿ.

*

ಹದಿನೆಂಟು ವರ್ಷದ ಹಿಂದೆ, ಇರಾಕಿನಲ್ಲಿ ಯುದ್ಧ ತಣಿಯುತ್ತಿದ್ದ ಕಾಲ. ಇಲ್ಲಿನ ವಿಮಾನ ನಿಲ್ದಾಣದ ಬಳಿಯ ಸರಕು ಕಂಪನಿಯೊಂದರಲ್ಲಿ ಗೆಳೆಯರಾದ ಜಲಾಲ್, ಅರವಿಂದ ಇಬ್ಬರೂ ಕಸ್ಟಮ್ಸ್ ಕಾಗದ ತುಂಬುತ್ತಿದ್ದರು. ಒಂದು ಪೆಟ್ಟಿಗೆ ಒಡೆದು ಬಂತು. ಕಾಗದದಲ್ಲಿ ‘ಅಲಂಕಾರದ ಹೆಂಚು’. ಒಳಗೆ ಇನ್ನೂ ಹೊಲದ ಮಣ್ಣು ಮೆತ್ತಿಕೊಂಡಿದ್ದ ನೂರಾರು ಬಿಲ್ಲೆ.

ಜಲಾಲನ ಅಪ್ಪ ವಿಜಯಪುರದಲ್ಲಿ ಹಳೆಯ ಗುಮ್ಮಟವೊಂದರ ಕಾವಲುಗಾರ. ಆಡಿ ಹೊರಟ ಮಕ್ಕಳ ಜೇಬು ತಡಕುತ್ತಿದ್ದ. ಒಂದು ಗಚ್ಚಿನ ಚೂರೂ ಗೇಟು ದಾಟುತ್ತಿರಲಿಲ್ಲ.

"ಇದು ಹೆಂಚಲ್ಲೋ ಮಾರಾಯಾ. ಸಾವಿರಾರು ವರ್ಷದ್ದು, ಅಗದು ಕದ್ದದ್ದು," ಎಂದ ಜಲಾಲ್.

"ನಿನ್ ಪರ್ಮಿಟ್ ಎರಡು ತಿಂಗಳಲ್ಲಿ ಮುಗಿಯುತ್ತೆ. ಮ್ಯಾನೇಜರ್ ಹತ್ರ ಜಗಳ ಆಡ್ತೀಯಾ? ಸುಮ್ನೆ ಹೆಂಚು ಅಂತ ಟೈಪ್ ಮಾಡು ಗುರೂ."

ಜಲಾಲ್ ಟೈಪ್ ಮಾಡಿದ. ಇದೊಂದಾದರೂ ವಾಪಸು ಹೋಗಲಿ ಎಂದು ಒಂದು ಬಿಲ್ಲೆಯನ್ನು ಊಟದ ಡಬ್ಬಿಗೆ ಹಾಕಿಕೊಂಡ. ಉಳಿದವು ಆ ಸಂಜೆಯೇ ಯಾರದೋ ವ್ಯಾನು ಹತ್ತಿದವು.

*

ಜಲಾಲನ ಶವದ ಮುಂದೆ ಜನಾಜಾ ನಮಾಜಿಗೆ ಸಾಲು ನಿಂತಿತು. ಪದ್ಧತಿಯಂತೆ ಉವೈಸ್ ಮುಂದೆ ಬಂದು ಡಚ್ಚಿನಲ್ಲಿ ಹೇಳಿದ: "ಅಬ್ಬಾನಿಂದ ತಪ್ಪಾಗಿದ್ದರೆ ಮಾಫ್ ಮಾಡಿ. ಯಾರದಾದರೂ ವಸ್ತು ಅವರಲ್ಲಿ ಉಳಿದಿದ್ದರೆ ಈಗಲೇ ಕೇಳಿ."

ಎರಡನೆಯ ಸಾಲಿನಲ್ಲಿ ಅಬು ಕರಾರ್ ಕೈಯೆತ್ತಿದ. ಜಲಾಲನ ಮನೆಯ ಬೀದಿಯಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದ ಇರಾಕಿ ಮುದುಕ. ಪ್ರತಿ ಶನಿವಾರ ಜಲಾಲ್ ಅಲ್ಲಿ ರೊಟ್ಟಿ ಕೊಳ್ಳುತ್ತ, ಮುದುಕನೂರಿನ ದಿಬ್ಬಗಳನ್ನು ಕಳ್ಳರು ಬಗೆದು ಬರಿದು ಮಾಡಿದ ಕತೆ ಕೇಳುತ್ತಿದ್ದ.

"ಅವನಲ್ಲಿ ನನ್ನದೇನೂ ಇಲ್ಲ," ಎಂದ ಮುದುಕ ಮುರುಕು ಡಚ್ಚಿನಲ್ಲಿ. "ನನ್ನೂರಿಗಾಗಿ ಇಲ್ಲಿ ಕಣ್ಣೀರು ಹಾಕಿದವನು ಅವನೊಬ್ಬನೇ. ಅಷ್ಟು ಹೇಳಬೇಕಿತ್ತು."

ಉವೈಸ್ ಅಂಚಿನಲ್ಲಿದ್ದ ಅರವಿಂದನ ಬಳಿ ಹೋಗಿ, ಅವನ ಕೈಲಿದ್ದ ಡಬ್ಬಿಯಿಂದ ಬಿಲ್ಲೆ ತೆಗೆದು ಮುದುಕನ ಅಂಗೈಯಲ್ಲಿಟ್ಟ.

"ಇದೆ," ಎಂದ.

ಮುದುಕ ಹೆಬ್ಬೆರಳಿನಿಂದ ಅಕ್ಷರ ಸವರಿದ. "ಎಷ್ಟು ದಿನದಿಂದ?"

"ಹದಿನೆಂಟು ವರ್ಷ."

"ಪ್ರತಿ ಶನಿವಾರ ನನ್ನ ಕತೆ ಕೇಳುತ್ತಿದ್ದ. ಇದನ್ನು ಹೇಳಲಿಲ್ಲ," ಎಂದ ಮುದುಕ.

"ಮಣ್ಣಾದ ಮೇಲೆ," ಎಂದ ಉವೈಸ್, "ಹೇಗ್ ನಗರದಲ್ಲಿರೋ ನಿಮ್ಮ ರಾಯಭಾರ ಕಚೇರಿಗೆ ಹೋಗೋಣ. ಇವತ್ತೇ."

"ನಾನೂ ಬರ್ತೀನಿ ಉವೈಸ್," ಎಂದ ಅರವಿಂದ. "ಟೈಪ್ ಮಾಡು ಅಂದಿದ್ದು ನಾನು."

ಗುಂಡಿಯ ಸುತ್ತ ನಿಂತವರು ರೂಢಿಯಂತೆ ಒಬ್ಬೊಬ್ಬರೇ ಮೂರು ಮೂರು ಹಿಡಿ ಮಣ್ಣು ಹಾಕಿದರು. ಖಾಲಿ ಡಬ್ಬಿಯ ತಳದಲ್ಲಿ ಬಿಲ್ಲೆಯಿಂದ ಉದುರಿದ ಚಿಟಿಕೆ ಪುಡಿ ಉಳಿದಿತ್ತು. ಅರವಿಂದ ಅದನ್ನೂ ಗುಂಡಿಗೆ ಕೊಡವಲು ಹೋದ.

"ಬ್ಯಾಡ್ರಿ ಅಣ್ಣಾರ," ದೂರದಿಂದ ಜಕಿಯಾ ಕೂಗಿದಳು. "ಅದೂ ನಮ್ಮದಲ್ಲ."

ಮುದುಕನಿಗೆ ಮಾತು ತಿಳಿಯಲಿಲ್ಲ. ಆದರೂ ಡಬ್ಬಿ ಇಸಿದುಕೊಂಡು, ಬಿಲ್ಲೆಯನ್ನು ಒಳಗಿಟ್ಟು, ಮುಚ್ಚಳವನ್ನು ಸುತ್ತಲೂ ಒತ್ತಿ ಒತ್ತಿ ಮುಚ್ಚಿದ. ಎಡಗಂಕುಳಲ್ಲಿ ಅದನ್ನು ಅವುಚಿಕೊಂಡು ಬಾಗಿ, ಒಂದು ಹಿಡಿ ಮಣ್ಣು ಗೆಳೆಯನ ಮೇಲೆ ಹಾಕಿದ.

ಇನ್ನೊಂದು ಹಿಡಿ ತುಂಬಿಕೊಂಡ. ಕಂಕುಳಿನ ಡಬ್ಬಿ ನೋಡಿಕೊಂಡು, ಮತ್ತೆ ರಾಶಿಗೇ ಸುರಿದುಬಿಟ್ಟ.