ಅಡಿವೆಪ್ಪಜ್ಜನ ಶ್ರುತಿಯ ಪೇಟಿ

ನಾನೊಂದು ಪೇಟಿ. ಪಟ್ಟಣದವರು ಹಾರ್ಮೋನಿಯಂ ಎನ್ನುತ್ತಾರೆ. ಸವದತ್ತಿ ಕಡೆಯ ಭಜನಾ ಮೇಳದಲ್ಲಿ ಬೆಳೆದ ನನಗೆ ಪೇಟಿ ಎಂದರೇ ಹಿತ. ಸಾಗವಾನಿಯ ಮೈ, ಬೆನ್ನಿಗೊಂದು ತಿದಿ, ಹೊಟ್ಟೆಯೊಳಗೆ ಸಾಲಾಗಿ ಹಿತ್ತಾಳೆಯ ನಾಲಗೆಗಳು. ಇಷ್ಟು ನಾಲಗೆ ಇಟ್ಟುಕೊಂಡು ಸುಮ್ಮನಿರುವುದು ನನ್ನಿಂದ ಆಗುವ ಮಾತಲ್ಲ.

ಮೊದಲ ಒಡೆಯ ಅಡಿವೆಪ್ಪಜ್ಜ, ಮೇಳದ ಮುಂದಾಳು. ಆಗಿನ್ನೂ ಅಜ್ಜನಾಗಿರಲಿಲ್ಲ, ಮೀಸೆ ದಪ್ಪಗಿತ್ತು, ಹಟ ಅದಕ್ಕಿಂತ ದಪ್ಪಗಿತ್ತು. ಬೆರಳಿಂದ ಒತ್ತುವ ನನ್ನ ಕರಿ, ಬಿಳಿ ಮನೆಗಳಲ್ಲಿ ಯಾವುದಕ್ಕೂ ಅವನ ದನಿ ಸರಿಯಾಗಿ ಕೂರುತ್ತಿರಲಿಲ್ಲ. ಕರಿ ಎರಡಕ್ಕೆ ಹಿಡಿದರೆ ಕೊಂಚ ಇಳಿಯುತ್ತಿತ್ತು, ಪಕ್ಕದ ಬಿಳಿ ಎರಡಕ್ಕೆ ಹಿಡಿದರೆ ಕೊಂಚ ಏರುತ್ತಿತ್ತು. ಬೇರೆಯವರಾಗಿದ್ದರೆ ದನಿ ತಿದ್ದಿಕೊಳ್ಳುತ್ತಿದ್ದರು. ಇವನು ನನ್ನನ್ನು ತಲೆಯ ಮೇಲೆ ಹೊತ್ತು ರಿಪೇರಿಯವನ ಬಳಿ ನಡೆದ.

“ಎಲ್ಲಾರೂ ಪೇಟಿಗೆ ದನಿ ಕೂಡಸ್ತಾರ. ನೀ ದನಿಗೆ ಪೇಟಿ ಕೂಡಸ್ತೀಯಲ್ಲೋ!” ಎಂದು ರಿಪೇರಿಯವನು ನಕ್ಕ.

“ದನಿ ಶಿವ ಕೊಟ್ಟದ್ದು, ಪೇಟಿ ನೀವು ಮಾಡಿದ್ದು. ಯಾವುದನ್ನ ತಿದ್ದಬೇಕು, ನೀನ ಹೇಳು.”

ರಿಪೇರಿಯವನು ಎರಡು ದಿನ ಕೂತು, ಒಂದೊಂದೇ ನಾಲಗೆಯ ಬುಡ ಕೆರೆದು ಶ್ರುತಿ ಇಳಿಸಿದ. ಅಂದಿನಿಂದ ಬೇರೆ ಯಾವ ಪೇಟಿಯೂ ನನ್ನ ಜೊತೆ ಹೊಂದಿ ನುಡಿಯಲಿಲ್ಲ. ನನಗೇನೂ ಬೇಸರವಾಗಲಿಲ್ಲ. ನಲವತ್ತು ವರ್ಷ ಅಜ್ಜನಿಗೆ ನಾನಿದ್ದೆ, ನನಗೆ ಅಜ್ಜನಿದ್ದ.

ಆಮೇಲೆ ಅಜ್ಜನ ಗಂಟಲಿಗೆ ಗಡ್ಡೆಯಾಗಿ ಆಪರೇಷನ್ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು, ಪಿಸುಮಾತಷ್ಟೇ ಮಿಕ್ಕಿತು. ಆ ದನಿಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಅದರ ನೆಲೆ ಉಳಿದದ್ದು ನನ್ನ ಹೊಟ್ಟೆಯಲ್ಲಿ ಮಾತ್ರ.

ನಾನು ಅಜ್ಜನ ಮೊಮ್ಮಗಳು ದಾಕ್ಷಾಯಣಿಯ ಕೈಗೆ ಬಂದೆ. ಇವಳು ಪದ ತಾನೇ ಕಟ್ಟುತ್ತಾಳೆ. ಏಕತಾರಿ, ದಮ್ಮಡಿ, ಕೊಳಲು, ಪೇಟಿ ನಾಲ್ಕನ್ನೂ ನುಡಿಸುತ್ತಾಳೆ. ಶೇಂಗಾ ಒಡೆಯುವ ಹೆಂಗಸರ ಮೇಲೊಂದು, ಬಸ್ಸಿನ ಕಂಡಕ್ಟರಮ್ಮನ ಮೇಲೊಂದು, ಹೀಗೆ ಒಂಬತ್ತು ಪದ ನನ್ನ ಮುಂದೆಯೇ ಹುಟ್ಟಿದವು. ಅವನ್ನು ಆಲ್ಬಂ ಮಾಡಲು ಹುಬ್ಬಳ್ಳಿಯ ಸ್ಟುಡಿಯೋಗೆ ಹೋದೆವು.

ಅಲ್ಲಿ ರೆಕಾರ್ಡಿಂಗ್ ಮಾಡುವ ಶ್ರೀಪಾದ ನನ್ನನ್ನು ನುಡಿಸಿ ನೋಡಿ ಹುಬ್ಬು ಗಂಟಿಕ್ಕಿದ. “ಮೇಡಂ, ಇದು ಯಾವುದಕ್ಕೂ ಕೂಡಂಗಿಲ್ಲ. ನಮ್ಮ ಕೀಬೋರ್ಡ್ ಇಟ್ಕೊಂಡು ಹಾಡ್ರಿ.”

ನನ್ನನ್ನು ಮೂಲೆಗೆ ಸರಿಸಿದರು. ದಾಕ್ಷಾಯಣಿ ಮುಂಜಾನೆಯಿಂದ ಕೀಬೋರ್ಡಿಗೆ ಹಾಡಿದಳು. ಸ್ವರ ತಪ್ಪಲಿಲ್ಲ, ಪದ ಮಾತ್ರ ಕಳೆಗುಂದಿತು. ನಾಲ್ಕನೇ ಸಲಕ್ಕೆ ಅವಳೇ ಕೈಚೆಲ್ಲಿದಳು. ಆಗ ಶ್ರೀಪಾದ ಸಣ್ಣದೊಂದು ಅರ ತಂದ.

“ನಾಲಗಿ ತುದಿ ಕೆರೆದ್ರ ಶ್ರುತಿ ಏರ್ತದ. ಸಂಜೀತನಕ ನಿಮ್ಮ ಪೇಟಿ ಸರಿ ಮಾಡಿ ಕೊಡ್ತೀನಿ.”

ದಣಿದಿದ್ದ ಅವಳು ಹೂಂ ಎಂದುಬಿಟ್ಟಳು. ಮುಚ್ಚಳ ತೆರೆಯಿತು. ಮೊದಲ ನಾಲಗೆಗೆ ಅರ ತಗುಲಿತು. ಅಜ್ಜನ ದನಿಯ ಗುರುತು ಅಳಿಸಿಹೋದರೆ ಅದನ್ನು ಮತ್ತೆ ಎಲ್ಲಿಂದ ತರುವುದು?

“ತಡೀರಿ!” ಅವಳು ಅವನ ಕೈ ಹಿಡಿದಳು. “ಇದು ತಪ್ಪು ಶ್ರುತಿ ಅಲ್ರಿ, ನಮ್ಮಜ್ಜನ ಶ್ರುತಿ. ಉಳಿದದ್ದನ್ನೆಲ್ಲಾ ಇದಕ್ಕ ಕೂಡಸ್ತೀನಿ.”

ಏಕತಾರಿಯ ತಂತಿ ಸಡಿಲಿಸಿದಳು. ದಮ್ಮಡಿಯ ಚರ್ಮಕ್ಕೆ ಒದ್ದೆ ಬಟ್ಟೆ ಒತ್ತಿದಳು. ಅಂಗಡಿಯಿಂದ ತಂದ ಕೊಳಲು ಮಾತ್ರ ಬಗ್ಗಲಿಲ್ಲ. ಮರುದಿನ ಬಿದಿರು ತಂದು, ಕಾದ ಸರಳಿನಿಂದ ತೂತು ಸುಟ್ಟು, ನನ್ನ ಸ್ವರಕ್ಕೆ ಹೋಲಿಸಿ ಹೋಲಿಸಿ ತಾನೇ ಕೊಳಲು ಮಾಡಲು ಕೂತಳು. ಮೂರು ಕೆಟ್ಟವು, ನಾಲ್ಕನೆಯದು ನುಡಿಯಿತು. ನಾಲ್ಕೂ ವಾದ್ಯಗಳನ್ನು ಒಂದೊಂದಾಗಿ ನುಡಿಸಿ ರೆಕಾರ್ಡ್ ಮಾಡಿಸಿ, ಅವುಗಳ ಮೇಲೆ ಎದೆ ತುಂಬಿ ಹಾಡಿದಳು. ಶ್ರೀಪಾದ ತಾನಾಗಿಯೇ ಎದ್ದು ಕೀಬೋರ್ಡಿಗೆ ಬಟ್ಟೆ ಮುಚ್ಚಿದ. ಆಗ ನೋಡಬೇಕಿತ್ತು ನನ್ನ ಗತ್ತು!

ಬಿಡುಗಡೆ ನಮ್ಮೂರ ಭಜನಾ ಗುಡಿಯ ಕಟ್ಟೆಯ ಮೇಲೆ ಆಯಿತು. ಶೇಂಗಾ ಒಡೆಯುವ ಹೆಂಗಸರು ತಮ್ಮ ಪದವನ್ನು ಮೂರು ಸಲ ಹಾಡಿಸಿದರು. ಅಜ್ಜ ಆಲ್ಬಂನ ಹೊದಿಕೆಯ ಮೇಲೆ ಬೆರಳಿಟ್ಟು ಓದಿದ. ಪದ, ಹಾಡು, ಏಕತಾರಿ, ದಮ್ಮಡಿ, ಕೊಳಲು, ಪೇಟಿ: ದಾಕ್ಷಾಯಣಿ. ಶ್ರುತಿ: ಅಡಿವೆಪ್ಪ.

“ನಾ ಎಲ್ಲಿ ಹಾಡೇನವಾ?” ಎಂದು ಪಿಸುಗುಟ್ಟಿದ.

“ಒಂಬತ್ತೂ ಪದದಾಗ ನೀ ಅದೀ ಅಜ್ಜಾ.”

ಅಜ್ಜ ನನ್ನ ತಿದಿ ಎಳೆದು ತನ್ನ ಷಡ್ಜ ಒತ್ತಿದ. ಬಾಯಿ ತೆರೆದ. ದನಿ ಬರಲಿಲ್ಲ. ನಲವತ್ತು ವರ್ಷ ಅವನ ಹಿಂದೆ ಹಾಡಿದ ಮೇಳದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಲ್ಲರೂ ಒಟ್ಟಿಗೆ ಆ ಸ್ವರ ಹಿಡಿದರು. ಕಟ್ಟೆ ಗುಂಯ್‌ಗುಟ್ಟಿತು. ಅಜ್ಜ ಅಳುತ್ತಲೇ ನಕ್ಕ.

ಈಗ ನನಗೂ ವಯಸ್ಸಾಗಿದೆ. ತಿದಿಗೆ ತೇಪೆ ಬಿದ್ದಿದೆ, ಎರಡು ಮನೆ ಒತ್ತಿದರೆ ಏಳುವುದಿಲ್ಲ. ಮೊದಲ ನಾಲಗೆಯ ಮೇಲೆ ಆ ಅರದ ಗೆರೆ ಇನ್ನೂ ಇದೆ. ದಾಕ್ಷಾಯಣಿಯ ಕಿಟಕಿಯ ಪಕ್ಕ ಕೂತಿರುತ್ತೇನೆ. ಹಾಡು ಕಲಿಯಲು ಬರುವವರು ಏಕತಾರಿ ಹಿಡಿದು ಮೊದಲು ನನ್ನ ಮುಂದೆ ಕೂರುತ್ತಾರೆ, ತಂತಿಯನ್ನು ನನ್ನ ಷಡ್ಜಕ್ಕೆ ಕೂಡಿಸುತ್ತಾರೆ. ಅಜ್ಜನನ್ನು ಅವರಲ್ಲಿ ಯಾರೂ ಕಂಡಿಲ್ಲ. ಹಾಡುವುದು ಮಾತ್ರ ಅವನ ಶ್ರುತಿಯಲ್ಲೇ.