ಕ್ಯಾಲೆಂಡರ್ ಹಿಂದಿನ ಅಕ್ಷರ

ಕನ್ನಡಕದಂಗಡಿಯವಳಷ್ಟು ಪುಕ್ಕಲಿ ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಜಿರಲೆ ಕಂಡರೆ ಕುರ್ಚಿ ಹತ್ತುವವಳು, ಮಿಂಚಿದರೆ ಕಿವಿ ಮುಚ್ಚಿಕೊಳ್ಳುವವಳು. ಅಂಥವಳಿಗೆ ಭಾನುವಾರ ಮಧ್ಯಾಹ್ನದ ಆ ಧಾರಾವಾಹಿ ಯಾಕೆ ಬೇಕಿತ್ತೋ ದೇವರೇ ಬಲ್ಲ! ಬೇರೆ ಗ್ರಹದಿಂದ ಬಂದವರು ಮನುಷ್ಯರ ವೇಷ ಹಾಕಿಕೊಂಡು ಒಂದು ಊರಿನಲ್ಲಿ ಸಂಸಾರ ಹೂಡುವ ಕತೆ. ಪ್ರತಿ ವಾರ ತಪ್ಪದೆ ನೋಡುವುದು, ಆಮೇಲೆ ಬಚ್ಚಲಿಗೆ ಹೋಗುವಾಗ ಗಂಡನನ್ನು ಬಾಗಿಲಲ್ಲಿ ಕಾವಲು ನಿಲ್ಲಿಸುವುದು, ಇದೇ ಅವಳ ಪಾಡಾಗಿತ್ತು.

ಅವತ್ತಿನದು ಏಳನೆಯ ಕಂತು. ಆ ಊರಿನ ವೈದ್ಯೆಗೆ ಕೊನೆಗೂ ಗುಟ್ಟು ಸಿಗುತ್ತದೆ. ಬಂದವರು ನಮ್ಮ ಹಾಗೆಯೇ ಅಳುತ್ತಾರೆ, ನಗುತ್ತಾರೆ, ಆಕಳಿಸುತ್ತಾರೆ. ಕಣ್ಣಿನ ಪಾಪೆಯೊಂದು ಮಾತ್ರ ಅವರ ಹಿಡಿತದಲ್ಲಿಲ್ಲ. ಬೆಳಕು ಬಿಟ್ಟರೆ ನಮ್ಮ ಪಾಪೆ ಕುಗ್ಗುತ್ತದೆ, ಅವರದು ಕುಗ್ಗುವುದಿಲ್ಲ. ವೈದ್ಯೆ ಊರನ್ನೆಲ್ಲ ಪರೀಕ್ಷೆ ಮಾಡಿ ದಣಿದು ಮನೆಗೆ ಬರುತ್ತಾಳೆ. ಊಟ ಬಡಿಸುತ್ತಿದ್ದ ತಾಯಿಯ ಕಣ್ಣಿಗೆ ತಮಾಷೆಗೆಂದು ಟಾರ್ಚ್ ಹಿಡಿಯುತ್ತಾಳೆ. ಪಾಪೆ ಕದಲುವುದಿಲ್ಲ. ತಾಯಿ ಮೆಲ್ಲಗೆ ನಗುತ್ತಾಳೆ. ಕಂತು ಅಲ್ಲಿಗೆ ಮುಗಿಯಿತು.

"ಅಯ್ಯಯ್ಯಪ್ಪಾ! ನಂಗೆ ಇದೆಲ್ಲ ಆಗಲ್ಲ!" ಅವಳು ದಿಂಬನ್ನು ಮುಖಕ್ಕೆ ಒತ್ತಿಕೊಂಡಳು.

"ಆಗಲ್ಲ ಅಂತಾನೇ ಏಳು ಕಂತು ನೋಡಿದ್ದೀಯ," ಎಂದ ಗಂಡ. ಅವನು ಬಸ್ ಓಡಿಸುವವನು, ವಾರಕ್ಕೊಂದು ದಿನ ಸಿಗುವ ರಜೆಯಲ್ಲಿ ಹೆಂಡತಿಯನ್ನು ರೇಗಿಸುವುದೇ ಅವನ ಮೋಜು. "ದಿನಾ ಅಷ್ಟು ಜನರ ಕಣ್ಣು ನೋಡ್ತೀಯಲ್ಲ, ಒಬ್ಬನಾದ್ರೂ ಸಿಕ್ಕಿದ್ನಾ? ಮೊದಲು ನನ್ನದು ನೋಡು, ಆಮೇಲೆ ಸಂಶಯ ಬೇಡ."

ಅವಳು ನಿಜವಾಗಿಯೂ ಎದ್ದು ಚೀಲದಿಂದ ಪೆನ್ನಿನಷ್ಟು ಸಣ್ಣ ಟಾರ್ಚ್ ತಂದಳು. ಗಂಡನ ಎರಡೂ ಪಾಪೆಗಳು ಚಕ್ಕನೆ ಕುಗ್ಗಿದವು. ಸದ್ಯ, ಎಂದು ಉಸಿರು ಬಿಟ್ಟಳು.

"ನನ್ನದೂ ನೋಡೇ, ಪುಟ್ಟಿ."

ಹೇಳಿದವನು ಅವಳ ಅಣ್ಣ. ಕ್ರೇನ್ ಓಡಿಸುವವನು, ಮದುವೆ ಗಿದುವೆ ಇಲ್ಲ, ಮಹಡಿಯ ಮೇಲಿನ ಕೋಣೆಯಲ್ಲಿ ವಾಸ, ಊಟ ಇವರ ಜೊತೆ. ಕಂತು ಮುಗಿಯುವವರೆಗೂ ಮೂಲೆಯ ಕುರ್ಚಿಯಲ್ಲಿ ಅವನೂ ಕೂತು ನೋಡಿದ್ದ. ಅವಳು ನಗುತ್ತಲೇ ಬಲಗಣ್ಣಿಗೆ ಬೆಳಕು ಹಿಡಿದಳು. ಪಾಪೆ ಕುಗ್ಗಿತು. ಎಡಗಣ್ಣಿಗೆ ಹಿಡಿದಳು.

ಕುಗ್ಗಲಿಲ್ಲ.

ಇನ್ನೊಮ್ಮೆ ಹಿಡಿದಳು. ಕಪ್ಪನೆಯ ಪಾಪೆ ಹಾಗೆಯೇ ಅಗಲವಾಗಿ ನಿಂತಿತ್ತು. ಅಣ್ಣ ಅವಳ ಮುಖವನ್ನೇ ನೋಡುತ್ತ ಮೆಲ್ಲಗೆ ನಕ್ಕ.

"ಬ್ಯಾಟರಿ ಮುಗೀತು ಅನ್ಸುತ್ತೆ," ಎಂದು ತೊದಲಿ ಅಡುಗೆಮನೆಗೆ ಓಡಿದಳು. ಹನ್ನೊಂದು ವರ್ಷ ಕಣ್ಣು ನೋಡಿ ಬದುಕಿದವಳು! ಕುಗ್ಗದ ಪಾಪೆ ಎಂದರೆ ಏನೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವಳು! ಆದರೆ ಆ ಹೊತ್ತಿಗೆ ಅವಳ ತಲೆಯಲ್ಲಿದ್ದದ್ದು ಟೀವಿಯ ಆ ತಾಯಿಯ ನಗು ಒಂದೇ.

ಪಾತ್ರೆ ತೊಳೆಯುತ್ತ ನಿಂತವಳಿಗೆ ಒಂದೊಂದೇ ನೆನಪಾಗತೊಡಗಿತು. ಈಚೆಗೆ ಅಣ್ಣ ಮಾತಾಡಿಸಿದರೆ ಇಡೀ ತಲೆ ತಿರುಗಿಸಿ ನೋಡುತ್ತಿದ್ದ. ಮೊನ್ನೆ ಲೋಟಕ್ಕೆ ನೀರು ಬಗ್ಗಿಸಲು ಹೋಗಿ ಪಕ್ಕಕ್ಕೆ ಸುರಿದ. ಮೆಟ್ಟಿಲಿಳಿಯುವಾಗ ಗೋಡೆ ಸವರುತ್ತಿದ್ದ, ಈ ಮನೆಗೆ ಹೊಸಬನ ಹಾಗೆ. ಹೊಸಬನ ಹಾಗೆ! ಥೂ, ಹುಚ್ಚಿ, ಎಂದು ತನ್ನನ್ನೇ ಬೈದುಕೊಂಡಳು. ಆದರೂ ಸಂಜೆ ಅಣ್ಣನ ಊಟದ ತಟ್ಟೆಯನ್ನು ಗಂಡನ ಕೈಲಿ ಮೇಲಕ್ಕೆ ಕಳಿಸಿದಳು, ತಾನು ಹೋಗಲಿಲ್ಲ. ಕಾರಣ ಕೇಳಿದ್ದಕ್ಕೆ ಮಂಡಿ ನೋವೆಂದಳು. ಗಂಡನಿಗೆ ಹೇಳಿದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾನೆ ಎಂದು ಬಾಯಿ ಹೊಲಿದುಕೊಂಡಳು.

ಬೆಳಗ್ಗೆ ಅವಳು ಏಳುವಷ್ಟರಲ್ಲಿ ಅಣ್ಣ ಕೆಲಸಕ್ಕೆ ಹೋಗಿಯಾಗಿತ್ತು. ಅಂಗಡಿ ತೆರೆದಳು. ಮೊದಲು ಬಂದವರು ಶಾಲೆಯ ಮೇಷ್ಟರು. ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದಳು. ಮೇಷ್ಟರು ಕೊನೆಯ ಸಾಲಿನ ನಾಲ್ಕು ಅಕ್ಷರ ಓದಿ ನಿಲ್ಲಿಸಿದರು.

"ಐದನೇದೂ ಓದಿ, ಸಾರ್."

"ಹೇಗಮ್ಮಾ ಓದ್ಲಿ? ಅದು ನಿಮ್ಮ ಕ್ಯಾಲೆಂಡರ್ ಹಿಂದೆ ಹೋಗಿ ಕೂತಿದೆ."

ನೋಡಿದಳು. ಹೌದು. ಕ್ಯಾಲೆಂಡರನ್ನು ಅಲ್ಲಿಗೆ ನೇತು ಹಾಕಿದ್ದು ಈ ತಿಂಗಳ ಒಂದನೇ ತಾರೀಖು. ಅಣ್ಣ ಕ್ರೇನ್ ಕೆಲಸಕ್ಕೆ ವರ್ಷಕ್ಕೊಮ್ಮೆ ಬೇಕಾಗುವ ದೃಷ್ಟಿಯ ಚೀಟಿಗೆಂದು ಬಂದದ್ದು ಒಂಬತ್ತನೇ ತಾರೀಖು. ಅವನು ಎಡಗಣ್ಣಿನಲ್ಲಿ ಓದುತ್ತಿದ್ದಾಗ ಅವಳು ತಲೆ ಬಗ್ಗಿಸಿ ಚೀಟಿ ತುಂಬುತ್ತಿದ್ದಳು. ಐದು ಅಕ್ಷರವನ್ನೂ ಅವನು ಪಟಪಟನೆ ಹೇಳಿದ್ದ. "ಹದ್ದಿನ ಕಣ್ಣು ಬಿಡು ನಿಂದು!" ಎಂದು ಹೊಗಳಿ ಮೊಹರು ಒತ್ತಿದ್ದಳು. ದಿನಾ ಸಂಜೆ ಇದೇ ಅಂಗಡಿಗೆ ಬಂದು ಕೂರುವವನಿಗೆ ಆ ಸಾಲು ಬಾಯಿಪಾಠವಾಗದೆ ಇರುತ್ತದೆಯೇ?

ಆ ಕಣ್ಣು ಕುರುಡು. ಯಾವ ಗ್ರಹದ್ದೂ ಅಲ್ಲ, ಬೆಳಕು ಒಳಗೆ ಹೋಗದ ಕಣ್ಣು. ಆ ಕಣ್ಣಿನವನು ಈಗ ಹತ್ತು ಮಹಡಿ ಎತ್ತರದಲ್ಲಿ ಕೂತು ಜನರ ತಲೆಯ ಮೇಲೆ ಕಬ್ಬಿಣ ಆಡಿಸುತ್ತಿದ್ದಾನೆ.

ಮೇಷ್ಟರನ್ನು ಕುರ್ಚಿಯಲ್ಲೇ ಬಿಟ್ಟು ಓಡಿದಳು. ಫೋನು ಮಾಡಿದಳು, ಅವನು ಎತ್ತಲಿಲ್ಲ. ಮೇಲೆ ಕೂತಾಗ ಎತ್ತುವುದಿಲ್ಲ. ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಗೇಟು ಮುಟ್ಟುವಾಗ ಚಪ್ಪಲಿ ಒಂದೇ ಉಳಿದಿತ್ತು. ಉದ್ದನೆಯ ತೊಲೆಯೊಂದು ಆಕಾಶದಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಕೆಳಗೆ ನಾಲ್ವರು ತಲೆಯೆತ್ತಿ ಅದಕ್ಕಾಗಿ ಕಾಯುತ್ತಿದ್ದರು.

"ನಿಲ್ಲಿಸಿ! ಅವನನ್ನ ಕೆಳಗಿಳಿಸಿ!"

ಮೇಸ್ತ್ರಿ ತಬ್ಬಿಬ್ಬಾದ. "ಏನಾಯ್ತಮ್ಮಾ? ಮನೇಲಿ ಎಲ್ಲ ಕ್ಷೇಮ ತಾನೆ?"

"ಅವನಿಗೆ ಎಡಗಣ್ಣು ಕಾಣಲ್ಲ!"

"ಕಾಣುತ್ತೆ ಅಂತ ನೀವೇ ಬರೆದುಕೊಟ್ಟ ಚೀಟಿ ನನ್ನ ಹತ್ರ ಇದೆಯಲ್ಲಮ್ಮ."

ಅವಳ ಮುಂದಿನ ಮಾತಿಗೆ ಅಣ್ಣನ ಕೆಲಸ ಹೋಗುತ್ತದೆ, ತನ್ನ ಅಂಗಡಿಯೂ ಉಳಿಯುವುದಿಲ್ಲ. ತೊಲೆ ಇನ್ನಷ್ಟು ಕೆಳಗಿಳಿಯಿತು.

"ಆ ಚೀಟಿ ಸುಳ್ಳು. ನಾನು ಸರಿಯಾಗಿ ನೋಡ್ದೆ ಬರೆದದ್ದು."

ಮೇಸ್ತ್ರಿ ಸೀಟಿ ಊದಿ ಆ ನಾಲ್ವರನ್ನು ದೂರ ಓಡಿಸಿದ, ರೇಡಿಯೊದಲ್ಲಿ ಕೂಗಿದ. ತೊಲೆ ಇಳಿಯಬೇಕಾದ ಗುರುತು ದಾಟಿ ಹೋಯಿತು, ಹಿಂದೆ ಬಂತು, ಮತ್ತೆ ದಾಟಿತು. ಕೊನೆಗೆ ಆ ನಾಲ್ವರು ಆಗಷ್ಟೇ ನಿಂತಿದ್ದ ಜಾಗದಲ್ಲಿ ಧಡ್ಡೆಂದು ಕೂತಿತು. ಯಾರಿಗೂ ಏನೂ ಆಗಲಿಲ್ಲ. ಅವಳು ಧೂಳಿನಲ್ಲಿ ಕುಸಿದು ಕೂತು, ಏಣಿಯ ಮೆಟ್ಟಿಲನ್ನು ಒಂದೊಂದಾಗಿ ಕಾಲಿನಿಂದ ತಡಕುತ್ತ ಅಣ್ಣ ಇಳಿಯುವುದನ್ನು ನೋಡಿದಳು. ಅವನು ನೆಲ ಮುಟ್ಟಿದೊಡನೆ ಎದ್ದು ಹತ್ತಿರ ಹೋದಳು.

"ಯಾವಾಗಿಂದ?" ಎಂದಳು.

"ಒಂದೂವರೆ ತಿಂಗಳಾಯ್ತು. ಆ ಕಡೆ ಬರೀ ಹೊಗೆ. ತಲೆನೋವು ಬೇರೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಬಾಯಿ ಬರ್ಲಿಲ್ಲ ಕಣೇ. ಅದಕ್ಕೇ ನಿನ್ನೆ ನನ್ನದೂ ನೋಡು ಅಂದಿದ್ದು. ನೋಡಿದ ಮೇಲೆ ನಿಂಗೆ ತಿಳಿಯದೇ ಇರುತ್ತಾ? ಮೇಲೆ ಬಂದು ಚೆನ್ನಾಗಿ ಉಗೀತೀಯ, ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀಯ ಅಂತ ಕಾದೆ. ನೀನು ಬರ್ಲೇ ಇಲ್ಲ. ಪುಟ್ಟಿನೇ ಸುಮ್ಮನಿದಾಳೆ ಅಂದ್ರೆ ಅಂಥಾದ್ದೇನೂ ಇಲ್ಲ ಅಂದ್ಕೊಂಡು ಹತ್ತಿದೆ." ಇಡೀ ತಲೆ ಅವಳತ್ತ ತಿರುಗಿಸಿ ಕೇಳಿದ, "ಯಾಕೆ ಬರ್ಲಿಲ್ಲ?"

ಮಂಡಿ ನೋವೆಂದು ಮತ್ತೊಮ್ಮೆ ಹೇಳಬಹುದಿತ್ತು.

"ಹೆದರಿಕೆ ಆಯ್ತು."

"ನಂಗೆ ಏನಾಗಿದೆಯೋ ಅಂತಲಾ?"

"ಅಲ್ಲಣ್ಣ. ನಿನ್ನನ್ನ ಕಂಡೇ ಹೆದರಿದ್ದು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನಗುತ್ತಾನೆಂದು ಅವಳು ಕಾದಳು. ಅವನು ನಗಲಿಲ್ಲ, ಬೈಯಲೂ ಇಲ್ಲ. ಟೊಪ್ಪಿಗೆ ತೆಗೆದು ಮೇಸ್ತ್ರಿಯ ಕೈಗಿಟ್ಟು ಗೇಟಿನ ಕಡೆ ನಡೆದ.

ಆಸ್ಪತ್ರೆ ರಸ್ತೆಯ ಆಚೆ ಬದಿಯಲ್ಲೇ ಇತ್ತು. ವಾಹನಗಳು ಒಂದರ ಹಿಂದೊಂದು ಬರುತ್ತಿದ್ದವು. ಅವಳು ಓಡಿ ಬಂದು ಅವನ ಎಡಗೈ ಹಿಡಿದಳು. ಆ ಕಡೆಯಿಂದ ಬಂದದ್ದು ಯಾರೆಂದು ಅವನಿಗೆ ಕಾಣಲಿಲ್ಲ. ಬೆಚ್ಚಿಬಿದ್ದು ಕೈ ಕಿತ್ತುಕೊಂಡ.

"ನಾನು, ಅಣ್ಣಾ," ಎಂದಳು, "ನಾನೇ."