ಜಿಗಿಯಲಾರದ ಮೇಯರ್

ಶುಕ್ರವಾರ ಸಂಜೆ ಕಬ್ಬಿನ ಗದ್ದೆಯವರೆಲ್ಲ ಸಿಲ್ವಿಯೋನ ಪಬ್ಬಿಗೆ ಬಂದರೆಂದರೆ ಮೊದಲ ಕೂಗು ಮೇಯರನಿಗೇ. ಮೇಯರ್ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಹಸಿರು ಮರಗಪ್ಪೆ. ಸಿಲ್ವಿಯೋ ಅದನ್ನು ಎತ್ತಿ ಬಿಯರ್ ಕೊಡುವ ಕಟ್ಟೆಯ ಮೇಲೆ ಬಿಡುತ್ತಿದ್ದ. ಬಿಯರ್ ನಲ್ಲಿಯ ಹಿಡಿಗೆ ಜಿಗಿದರೆ ಚಪ್ಪಾಳೆ, ಜಾರಿ ಬಿದ್ದರೆ ಇನ್ನೂ ಜೋರು ನಗು.

ಒಂದು ಶುಕ್ರವಾರ ಅದು ಮೂರು ಸಲ ಬಿತ್ತು.

"ಮೇಯರಿಗೆ ಏರಿಬಿಟ್ಟಿದೆ ಕಣ್ರೋ! ಯಾರಾದ್ರೂ ಮನೆ ಮುಟ್ಟಿಸಿ!" ಸಿಲ್ವಿಯೋ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಡುಗೆಯ ಗ್ವೆನ್‌ಗೆ ಮಾತ್ರ ನಗು ಬರಲಿಲ್ಲ. ಬೇಸಿಗೆಯಲ್ಲಿ ಸಿಂಕಿನಿಂದ ಕಿಟಕಿಗೆ ಹಾರುತ್ತಿದ್ದ ಪ್ರಾಣಿ ಈಗ ಒಂದು ಗೇಣು ದಾಟಲಾರದೇಕೆ? ಮರುದಿನ ಕೈ ಒದ್ದೆ ಮಾಡಿಕೊಂಡು ಅದರ ದವಡೆ ಮುಟ್ಟಿ ನೋಡಿದಳು. ಬೆಂದ ಕೋಳಿಯ ಮೆದು ಎಲುಬಿನ ಹಾಗೆ ಬಾಗಿತು. ನೇರ ಸಿಲ್ವಿಯೋನ ಹತ್ತಿರ ಹೋದಳು.

"ಸಿಲ್ವಿಯೋ, ಇವನಿಗೆ ಏನೋ ಆಗಿದೆ. ಡಾಕ್ಟರ್ ಹತ್ರ ಹೋಗೋಣ."

"ಕಪ್ಪೆಗೆ ಡಾಕ್ಟರಾ? ದಿನಾ ಒಳ್ಳೇ ದನದ ಖೀಮಾ ಹಾಕ್ತೀನಿ. ನನ್ನ ಅಳಿಯನಿಗೂ ಅಷ್ಟು ಉಪಚಾರ ಇಲ್ಲ!"

"ಹಾಗಾದ್ರೆ ಯಾಕೆ ಬೀಳ್ತಾನೆ? ಹೇಳು ನೋಡೋಣ."

ಸಿಲ್ವಿಯೋ ಗೊಣಗುತ್ತಲೇ ಗಾಡಿ ತೆಗೆದ.

ಪಶುವೈದ್ಯೆ ಟ್ರಾನ್ ಎಕ್ಸ್‌ರೇ ಹಿಡಿದು ತೋರಿಸಿದಳು. ಎಲುಬು ಬೆಳ್ಳಗೆ ಕಾಣಬೇಕಾದಲ್ಲಿ ಬರೀ ಮಬ್ಬು.

"ಎಲುಬೆಲ್ಲಿದೆ?" ಎಂದ ಸಿಲ್ವಿಯೋ.

"ಅದೇ ತೊಂದರೆ. ಖೀಮಾದಲ್ಲಿ ಸುಣ್ಣದಂಶ ಇಲ್ಲ ಅಂತಲೇ ಹೇಳ್ಬೇಕು. ಎಲುಬು ಮೆತ್ತಗಾಗಿ ಹಿಂಗಾಲು ಮುರಿದಿದೆ, ಸೊಟ್ಟಗೇ ಕೂಡಿಕೊಂಡಿದೆ. ಸುಣ್ಣದಂಶದ ಪುಡಿ ಹಚ್ಚಿದ ಹುಳ ಕೊಡಿ, ಎಲುಬಿಗೆ ಬಿಸಿಲಿನ ಬದಲು ನಾನು ಹೇಳೋ ದೀಪ ಹಾಕಿ. ಕೆಲವು ವಾರ ತಗ್ಗು ಪೆಟ್ಟಿಗೇಲಿಡಿ, ಹತ್ತೋಕೆ ಬಿಡಬೇಡಿ."

"ಉಳೀತಾನಾ?"

"ಉಳೀಬಹುದು. ಇನ್ನೂ ಬಿದ್ದರೆ ಖಂಡಿತಾ ಇಲ್ಲ."

ಸಿಲ್ವಿಯೋ ಟೋಪಿ ತಿರುವುತ್ತ ಮೆಲ್ಲಗೆ ಕೇಳಿದ, "ಬಿದ್ದಾಗ ನೋವಾಗ್ತಿತ್ತಾ?"

"ಬೀಳೋಕೆ ಮುಂಚೇನೂ ಆಗ್ತಿತ್ತು."

ವಾಪಸ್ಸು ಬರುವಾಗ ಪೆಟ್ಟಿಗೆ ಅಲುಗದಂತೆ ಅವನು ಗಾಡಿಯನ್ನು ನಿಧಾನಕ್ಕೆ ಓಡಿಸಿದ. ತನ್ನ ನಗು ನೆನೆದು ಅವನಿಗೇ ನಾಚಿಕೆಯಾಗಿತ್ತು.

ಮುಂದಿನ ಶುಕ್ರವಾರ ಜನ ಕಟ್ಟೆ ಕುಟ್ಟಿದರು. "ಮೇಯರ್ ಎಲ್ಲಿ? ಜಿಗಿಸು!"

"ಹಾಸಿಗೆ ಹಿಡಿದಿದಾನೆ. ಇನ್ಮೇಲೆ ಜಿಗಿಯಲ್ಲ," ಎಂದಳು ಗ್ವೆನ್.

"ಅಯ್ಯೋ, ಸಿಲ್ವಿಯೋನಾದ್ರೂ ಎಲ್ಲಿ?"

ಅವಳು ಹಿತ್ತಲ ಬಾಗಿಲು ತೆರೆದಳು. ಆ ಭಾರಿ ಆಸಾಮಿ ಹುಲ್ಲಿನಲ್ಲಿ ಮಂಡಿಯೂರಿ, ಟೋಪಿ ಹಿಡಿದು, ಒಂದು ಮಿಡತೆಯ ಹಿಂದೆ ಬಿದ್ದಿದ್ದ. ಎಗರಿದ, ತಪ್ಪಿತು, ಮತ್ತೆ ಎಗರಿ ಬೋರಲು ಬಿದ್ದ. ಪಬ್ಬಿಗೆ ಪಬ್ಬೇ ಗೊಳ್ಳೆಂದಿತು.

ಸಿಲ್ವಿಯೋ ಮೊಣಕೈ ಮಣ್ಣು ಒರೆಸಿಕೊಂಡ.

"ನಗ್ರಪ್ಪಾ, ಎಷ್ಟು ಬೇಕಾದ್ರೂ ನಗ್ರಿ. ನನ್ನ ಎಲುಬು ಗಟ್ಟಿಯಾಗೇ ಇದೆ."